ಮಗುವಿನ ಕಾಲು ಸೊಟ್ಟಗಿದ್ದರೆ ಮುಚ್ಚಿಡುವುದು ಯಾಕೆ?

ಬೆಳಿಗ್ಗೆ ಮದ್ರಸ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಮಾತಾಡಿಸುವ ತಾಯಂದಿರು ಹೆಚ್ಚಾಗಿ ಕೇಳುವುದು ಪಾಠದ ಬಗ್ಗೆ. ಮಗ ಓದುತ್ತಾನಾ, ಗಲಾಟೆ ಮಾಡುತ್ತಾನಾ, ಬಾಯಿಪಾಠ ಎಲ್ಲಿಯವರೆಗೆ ಆಯಿತು ಎಂದು. ಕಳೆದ ತಿಂಗಳು ಒಬ್ಬರು ಮಾತ್ರ ಎಲ್ಲರೂ ಹೋಗುವವರೆಗೆ ಕಾದು ನಿಂತರು. ಮತ್ತೆ ಸೊಂಟದಲ್ಲಿದ್ದ ಎರಡು ವರ್ಷದ ಮಗುವನ್ನು ಜಗಲಿಯಲ್ಲಿ ಇಳಿಸಿ, "ಉಸ್ತಾದ್, ಇವಳ ಕಾಲು ಒಮ್ಮೆ ನೋಡಿ. ಬಿಲ್ಲಿನ ಹಾಗೆ ಉಂಟು. ಇವಳ ಉಪ್ಪನಿಗೆ ಇನ್ನೂ ಹೇಳಲಿಲ್ಲ, ಅವರು ದಮ್ಮಾಮಿನಲ್ಲಿ. ವೀಡಿಯೊ ಕಾಲ್ ಮಾಡುವಾಗ ಉದ್ದದ ಪ್ಯಾಂಟ್ ಹಾಕಿ ತೋರಿಸುತ್ತೇನೆ" ಎಂದರು.

ನಮಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಒಂದು ಕಾಲದಲ್ಲಿ ನಾವೂ ನಮ್ಮ ಮನೆಯ ಮಗುವಿನ ಕಾಲನ್ನು ನೋಡಲು ಬಂದವರಿಗೆ ಕಾಣದ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟವರೇ.

ಒಂದು ಮಾತು ಮೊದಲೇ ಹೇಳುತ್ತೇವೆ. ನಾವು ಡಾಕ್ಟರ್ ಅಲ್ಲ. ನಾವು ಕಲಿತದ್ದು ದರ್ಸ್‌ನಲ್ಲಿ, ಹೊರಗೆ ಪಿಯುಸಿವರೆಗೆ. ಆದರೆ ಮಗನ ಒಂದು ಪಾದಕ್ಕಾಗಿ ಸುಮಾರು ಐದು ವರ್ಷ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದೇವೆ. ಡಾಕ್ಟರ್‌ಗಳಲ್ಲಿ ಕೇಳಿ, ಉಳಿದ ತಂದೆ ತಾಯಂದಿರಲ್ಲಿ ಕೇಳಿ ತಿಳಿದುಕೊಂಡದ್ದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ತಾಯಿಯ ಪ್ರಶ್ನೆ. ಹುಟ್ಟುವಾಗ ಎಲ್ಲ ಮಕ್ಕಳ ಕಾಲೂ ಸ್ವಲ್ಪ ಬಿಲ್ಲಿನ ಹಾಗೆಯೇ ಇರುತ್ತದೆ. ಹೊಟ್ಟೆಯೊಳಗೆ ಕಾಲು ಮಡಚಿಕೊಂಡು ಇದ್ದ ಮಗು ಅಲ್ವಾ. ನಡೆಯಲು ಸುರು ಮಾಡಿದಾಗ ಅದು ಎದ್ದು ಕಾಣುತ್ತದೆ. ಒಂದೂವರೆ, ಎರಡು ವರ್ಷದ ಹೊತ್ತಿಗೆ ನೇರ ಆಗುತ್ತಾ ಬರುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವಾಗ 3-4 ವರ್ಷದಲ್ಲಿ ಮೊಣಗಂಟು ಎರಡೂ ಒಂದಕ್ಕೊಂದು ತಾಗಿ, ಪಾದಗಳು ದೂರ ದೂರ ನಿಲ್ಲುತ್ತವೆ. ಆಗ ಮನೆಯವರಿಗೆ ಎರಡನೇ ಸಲ ಹೆದರಿಕೆ. ಇದೂ ಹೆಚ್ಚಿನ ಮಕ್ಕಳಲ್ಲಿ 7 ವರ್ಷದೊಳಗೆ ತಾನಾಗಿ ಸರಿಯಾಗುತ್ತದೆ. ಪಾದ ಒಳಗೆ ಹಾಕಿ ನಡೆಯುವುದು, ಎರಡೂ ಕಾಲನ್ನು ಹಿಂದಕ್ಕೆ ಅಗಲಿಸಿ ನೆಲದಲ್ಲಿ ಕೂರುವುದು, ಇವೂ ಬಹಳ ಮಕ್ಕಳಲ್ಲಿ ಕಾಣುತ್ತವೆ. 8-10 ವರ್ಷಕ್ಕೆ ಹೆಚ್ಚಿನವು ಬಿಟ್ಟುಹೋಗುತ್ತವೆ. ಅದಕ್ಕಾಗಿ ಮಗುವಿಗೆ ದಿನಕ್ಕೆ ಹತ್ತು ಸಲ ಗದರಿಸುವ ಅಗತ್ಯ ಇಲ್ಲ.

ಹಾಗಾದರೆ ಯಾವಾಗ ಓಡಬೇಕು? ಒಂದೇ ಕಾಲು ಡೊಂಕಿದ್ದು ಇನ್ನೊಂದು ಸರಿ ಇದ್ದರೆ. 3 ವರ್ಷ ದಾಟಿದ ಮೇಲೂ ಬಿಲ್ಲಿನ ಹಾಗೆಯೇ ಇದ್ದರೆ, ಅಥವಾ ಹೋಗುತ್ತಾ ಹೋಗುತ್ತಾ ಜಾಸ್ತಿ ಆದರೆ. ಮಗು ಕುಂಟಿದರೆ, ನೋವು ಎಂದರೆ, ಪ್ರಾಯಕ್ಕೆ ತಕ್ಕ ಎತ್ತರ ಇಲ್ಲದಿದ್ದರೆ, ಒಂದೂವರೆ ವರ್ಷ ಆದರೂ ನಡೆಯದಿದ್ದರೆ. ಇದರಲ್ಲಿ ಒಂದು ಇದ್ದರೂ ಮಕ್ಕಳ ಡಾಕ್ಟರಿಗೆ ತೋರಿಸಿಯೇ ತೀರಬೇಕು. ನಮ್ಮಲ್ಲಿ ಆಗುವುದು ಉಲ್ಟಾ. ತಾನಾಗಿ ಸರಿಯಾಗುವ ಬಿಲ್ಲುಗಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಎಳೆಯುತ್ತೇವೆ. ಹುಟ್ಟಿದ ವಾರದಲ್ಲೇ ಚಿಕಿತ್ಸೆ ಸುರು ಆಗಬೇಕಾದ ಸೊಟ್ಟ ಪಾದವನ್ನು "ದೊಡ್ಡವನಾಗುವಾಗ ಸರಿಯಾಗುತ್ತದೆ" ಎಂದು ಬಿಡುತ್ತೇವೆ.

ನಮ್ಮ ಮೂರನೇ ಮಗು ಹುಟ್ಟಿದ್ದು 2014ರ ನವೆಂಬರಿನಲ್ಲಿ. ಗಂಡು. ನರ್ಸ್ ತಂದು ಕೈಗೆ ಕೊಡುವಾಗ ಬಲದ ಪಾದ ಒಳಗೆ ತಿರುಗಿ, ಅಡಿಭಾಗ ಮೇಲೆ ಕಾಣುವ ಹಾಗೆ ಇತ್ತು. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿತ್ತು. ಇದಕ್ಕೆ ಕ್ಲಬ್ ಫೂಟ್ ಎನ್ನುತ್ತಾರೆ ಎಂದು ಆಗ ನಮಗೆ ಗೊತ್ತಿಲ್ಲ. ಹೆರಿಗೆ ಆದ ಆಸ್ಪತ್ರೆಯಲ್ಲಿ ಕೇಳಿದಾಗ, "ಒಂದು ವರ್ಷ ಆಗಲಿ, ಆಪರೇಷನ್ ಮಾಡುವ" ಎಂದರು. ಆ ಮಾತು ಕೇಳಿ ನಾವು ಸುಮ್ಮನಾದೆವು. ಸುಮ್ಮನಾಗಲು ಒಂದು ಕಾರಣ ಸಿಕ್ಕಿತು ಎಂದು ಒಳಗೊಳಗೆ ಸಮಾಧಾನವೂ ಆಯಿತು, ಅದನ್ನು ಈಗ ಒಪ್ಪಿಕೊಳ್ಳುತ್ತೇವೆ.

ಬಾಣಂತನ ನಮ್ಮವಳ ತಾಯಿಮನೆಯಲ್ಲಿ. ಸ್ನಾನ ಮಾಡಿಸುವ ಹೆಂಗಸು ದಿನಾ ಪಾದ ಹಿಡಿದು ತಿರುಗಿಸುತ್ತಿದ್ದರು, ಮಗು ಕಿರುಚುತ್ತಿತ್ತು. ನೋಡಲು ಬಂದವರಲ್ಲಿ ಒಬ್ಬರು ಗ್ರಹಣದ ದಿನ ಹೊರಗೆ ಬಂದದ್ದುಂಟಾ ಎಂದು ಕೇಳಿದರು. ಇನ್ನೊಬ್ಬರು ಬಸುರಿ ಇರುವಾಗ ಕಾಲು ಮಡಚಿ ಕೂತು ಮೀನು ಕ್ಲೀನ್ ಮಾಡಿದ್ದೇ ಕಾರಣ ಎಂದರು. ಮೂರನೆಯವರು ಕಣ್ಣು ತಾಗಿದ್ದು ಎಂದರು. ನಮ್ಮವಳು ಯಾರಿಗೂ ಉತ್ತರ ಕೊಡಲಿಲ್ಲ. ರಾತ್ರಿ ನಾವಿಬ್ಬರೇ ಇರುವಾಗ, "ನಾನು ಎಂಥ ತಪ್ಪು ಮಾಡಿದೆ ಹೇಳಿ" ಎಂದು ಕೇಳಿದಳು. ನೂರು ಮಕ್ಕಳಿಗೆ ಪಾಠ ಹೇಳುವ ನಮಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ.

ಈಗ ಗೊತ್ತು, ಆದುದರಿಂದ ಇಲ್ಲಿ ಬರೆಯುತ್ತೇವೆ. ಅವಳು ಯಾವ ತಪ್ಪೂ ಮಾಡಲಿಲ್ಲ. ಲೋಕದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಇದು ಇರುತ್ತದೆ. ಎಲ್ಲ ದೇಶದಲ್ಲಿ, ಎಲ್ಲ ಧರ್ಮದವರಲ್ಲಿ. ಹೆಣ್ಣಿಗಿಂತ ಗಂಡು ಮಕ್ಕಳಲ್ಲಿ ಸುಮಾರು ಎರಡು ಪಟ್ಟು. ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದ ಹೀಗಿರುತ್ತದೆ. ಕುಟುಂಬದಲ್ಲಿ ಬರುವುದುಂಟು, ಆದರೆ ಹೆಚ್ಚಿನವರಿಗೆ ಯಾಕೆ ಬಂತು ಎಂದು ಡಾಕ್ಟರಿಗೂ ಹೇಳಲು ಆಗುವುದಿಲ್ಲ. ಗ್ರಹಣಕ್ಕೂ ಇದಕ್ಕೂ, ಮೀನು ಕ್ಲೀನ್ ಮಾಡಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಾಣಂತಿಯನ್ನು ನೋಡಲು ಹೋಗುವ ನಮ್ಮ ಹೆಂಗಸರು ಹಲ್ವ, ಹಣ್ಣು ಕೊಂಡು ಹೋಗಲಿ, ಇಂಥ ಪ್ರಶ್ನೆಗಳನ್ನು ಮನೆಯಲ್ಲೇ ಬಿಟ್ಟು ಹೋಗಲಿ.

ನಮ್ಮ ಮಗುವಿನ ಕಾಲನ್ನು ಉಳಿಸಿದ್ದು ಒಬ್ಬರು ಆರೋಗ್ಯ ಕೇಂದ್ರದ ಸಿಸ್ಟರ್. ಆರು ವಾರದ ಇಂಜೆಕ್ಷನಿಗೆ ಕೊಂಡು ಹೋದಾಗ ಅವರು ಸುತ್ತಿದ ಬಟ್ಟೆ ಬಿಚ್ಚಿದರು. ನೋಡಿದವರೇ, "ಇದನ್ನು ಯಾಕೆ ಇಷ್ಟು ದಿನ ಇಟ್ಟುಕೊಂಡಿರಿ? ಇದಕ್ಕೆ ಪ್ಲಾಸ್ಟರ್ ಉಂಟು, ನಾಳೆಯೇ ಹೋಗಿ" ಎಂದು ಚೀಟಿ ಬರೆದು ಕೊಟ್ಟರು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಂಗಳೂರು.

ಪ್ಲಾಸ್ಟರ್ ಎಂದರೆ ನಮಗೆ ಗೊತ್ತಿದ್ದದ್ದು ಎಲುಬು ಮುರಿದವರಿಗೆ ಹಾಕುವುದು. ಇದು ಬೇರೆ. ಡಾಕ್ಟರ್ ಪಾದವನ್ನು ಕೈಯಲ್ಲಿ ಹಿಡಿದು ಮೆಲ್ಲ ಸ್ವಲ್ಪವೇ ಸ್ವಲ್ಪ ತಿರುಗಿಸಿ, ಆ ಸ್ಥಿತಿಯಲ್ಲೇ ನಿಲ್ಲುವ ಹಾಗೆ ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಒಂದು ವಾರ ಬಿಟ್ಟು ಅದನ್ನು ತೆಗೆದು, ಇನ್ನೂ ಸ್ವಲ್ಪ ತಿರುಗಿಸಿ ಹೊಸದು. ಹೀಗೆ ಐದಾರು ವಾರ. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಗಟ್ಟಿ ನರದ ಹಾಗಿನ ಹುರಿಯನ್ನು ಚಿಕ್ಕ ಗಾಯದಲ್ಲಿ ಬಿಡಿಸುತ್ತಾರೆ, ಅದು ಮೂರು ವಾರದಲ್ಲಿ ಉದ್ದವಾಗಿ ಕೂಡಿಕೊಳ್ಳುತ್ತದೆ. ಆ ಮೂರು ವಾರ ಕೊನೆಯ ಪ್ಲಾಸ್ಟರ್. ನಮ್ಮ ಮಗನಿಗೆ ಒಟ್ಟು ಏಳು ಆಯಿತು. ದೊಡ್ಡ ಆಪರೇಷನ್ ಬೇಕಾಗಲಿಲ್ಲ.

ಈ ಕ್ರಮ ಕಂಡುಹಿಡಿದವರು ಇಗ್ನೇಷಿಯೊ ಪೊನ್ಸೆಟಿ ಎಂಬ ಡಾಕ್ಟರ್. ಸ್ಪೇನಿನ ಮಿನೋರ್ಕಾ ಎಂಬ ದ್ವೀಪದಲ್ಲಿ 1914ರ ಜೂನ್ 3ರಂದು ಹುಟ್ಟಿದವರು, ಗಡಿಯಾರ ರಿಪೇರಿ ಮಾಡುವವರ ಮಗ. ಅಲ್ಲಿಯ ಅಂತರ್ಯುದ್ಧದ ನಂತರ ದೇಶ ಬಿಟ್ಟು, ಮೆಕ್ಸಿಕೊದಲ್ಲಿ ಸ್ವಲ್ಪ ಕಾಲ ಇದ್ದು, ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೇರಿದರು. ಆಪರೇಷನ್ ಮಾಡಿಸಿಕೊಂಡ ಮಕ್ಕಳು ದೊಡ್ಡವರಾದ ಮೇಲೆ ಪಾದ ಗಟ್ಟಿಯಾಗಿ ನೋವು ಅನುಭವಿಸುವುದನ್ನು ಕಂಡು ಅವರು ಈ ದಾರಿ ಹುಡುಕಿದರು. ಬಹಳ ವರ್ಷ ಉಳಿದ ಡಾಕ್ಟರ್‌ಗಳು ಅದನ್ನು ಅಷ್ಟಾಗಿ ಗಣನೆಗೆ ತೆಗೆದುಕೊಳ್ಳಲಿಲ್ಲ. 2009ರಲ್ಲಿ ಅವರು ತೀರಿಕೊಳ್ಳುವಾಗ ಲೋಕದ ಎಷ್ಟೋ ದೇಶಗಳಲ್ಲಿ ಅದೇ ಮೊದಲ ಚಿಕಿತ್ಸೆ ಆಗಿತ್ತು. ಈಗ ಜೂನ್ 3ನ್ನು ಕ್ಲಬ್ ಫೂಟ್ ದಿನ ಎಂದು ಆಚರಿಸುತ್ತಾರೆ.

ಪ್ಲಾಸ್ಟರ್ ಇರುವಾಗ ತಾಯಿ ನೋಡಬೇಕಾದದ್ದು ಬೆರಳು. ಬೆರಳು ಕೆಂಪಗೆ ಬೆಚ್ಚಗೆ ಇರಬೇಕು. ನೀಲಿ ಅಥವಾ ಬಿಳಿ ಆದರೆ, ಊದಿದರೆ, ಅಥವಾ ಬೆರಳು ಪ್ಲಾಸ್ಟರಿನ ಒಳಗೆ ಹೋಗಿ ಕಾಣದಾದರೆ ವಾರದ ತನಕ ಕಾಯಬಾರದು. ಅಂದೇ ಹೋಗಬೇಕು. ನೀರು ತಾಗಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ಲಾಸ್ಟರ್ ಬಿಚ್ಚಿದ ದಿನ ಪಾದ ನೇರ ಕಂಡು ಮನೆಯಲ್ಲಿ ಪಾಯಸ ಮಾಡಿದೆವು. ಮುಗಿಯಿತು ಎಂದುಕೊಂಡೆವು. ಕಷ್ಟ ಸುರು ಆದದ್ದೇ ಮತ್ತೆ. ಎರಡು ಬೂಟು, ನಡುವೆ ಒಂದು ಕಬ್ಬಿಣದ ಸರಳು. ಒಂದೇ ಪಾದ ಸೊಟ್ಟ ಇದ್ದರೂ ಎರಡಕ್ಕೂ ಹಾಕಬೇಕು. ಮೊದಲ ಮೂರು ತಿಂಗಳು ದಿನದ 23 ಗಂಟೆ. ಆಮೇಲೆ ರಾತ್ರಿ ಮಲಗುವಾಗ ಮತ್ತು ಹಗಲಿನ ನಿದ್ದೆಗೆ, ಅದೂ 4-5 ವರ್ಷ ತುಂಬುವವರೆಗೆ. ಮೊದಲ ಎರಡು ಮೂರು ರಾತ್ರಿ ಮಗು ಅತ್ತದ್ದಕ್ಕೆ ಲೆಕ್ಕ ಇಲ್ಲ. ಎರಡು ಕಾಲನ್ನೂ ಒಟ್ಟಿಗೆ ಮಡಚಿ ಒಟ್ಟಿಗೆ ಚಾಚುವುದನ್ನು ಆಟದ ಹಾಗೆ ಮಾಡಿಸಿದ ಮೇಲೆ ಅಭ್ಯಾಸ ಆಯಿತು. ಆದರೆ ನೋಡಿದವರ ಬಾಯಿ? "ಮಗುವನ್ನು ಯಾಕೆ ಹೀಗೆ ಕಟ್ಟಿಹಾಕುತ್ತೀರಿ, ಕಾಲು ಸರಿ ಉಂಟಲ್ಲಾ" ಎನ್ನುವವರೇ ಎಲ್ಲ.

2016ರ ಮೇ ತಿಂಗಳಲ್ಲಿ ನಮ್ಮವಳ ತಂಗಿಯ ಮದುವೆ. ಮನೆ ತುಂಬ ನೆಂಟರು, ಮೈಲಾಂಜಿಯ ಗಮ್ಮತ್ತು, ಮಲಗಲು ಜಾಗ ಇಲ್ಲ. ರಾತ್ರಿ ಮಗು ಹೊರಳುವಾಗ ಸರಳು ಪಕ್ಕದಲ್ಲಿದ್ದವರಿಗೆ ಬಡಿಯುತ್ತದೆ. ಹತ್ತು ದಿನ ಬಿಟ್ಟರೆ ಎಂಥ ಆಗುವುದು ಎಂದು ನಾವೇ ಬೂಟನ್ನು ಕಪಾಟಿನ ಮೇಲೆ ಇಟ್ಟೆವು. ನಮ್ಮವಳು ಬೇಡ ಎಂದಳು, ಕೇಳಲಿಲ್ಲ. ಮದುವೆ ಮುಗಿದು ರಮಝಾನ್ ಬಂತು. ಹತ್ತು ದಿನ ಎರಡು ತಿಂಗಳಾಯಿತು. ಪೆರ್ನಾಳಿನ ದಿನ ಹೊಸ ಚಪ್ಪಲಿ ಹಾಕಿ ಅಂಗಳದಲ್ಲಿ ಓಡುವಾಗ ಕಂಡಿತು. ಬಲದ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಪಾದದ ಹೊರಬದಿಯಲ್ಲಿ ನಡೆಯುತ್ತಿದ್ದಾನೆ.

ಡಾಕ್ಟರ್ ಬಯ್ಯಲಿಲ್ಲ. "ಪ್ಲಾಸ್ಟರ್ ನನ್ನ ಕೆಲಸ, ಬೂಟು ನಿಮ್ಮ ಕೆಲಸ" ಎಂದರು, ಅಷ್ಟೇ. ಪುನಃ ಮೂರು ಪ್ಲಾಸ್ಟರ್. ನಡೆಯಲು ಕಲಿತ ಮಗುವಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂರಿಸುವುದು ಎಂಥ ಶಿಕ್ಷೆ ಎಂದು ಅದನ್ನು ನೋಡಿದವರಿಗೇ ಗೊತ್ತು. ಆ ಶಿಕ್ಷೆ ಅವನಿಗೆ ಸಿಕ್ಕಿದ್ದು ನಮ್ಮ ತಪ್ಪಿಗೆ. ಸರಿಯಾದ ಪಾದ ಪುನಃ ತಿರುಗುವುದಕ್ಕೆ ಬಹಳ ದೊಡ್ಡ ಕಾರಣ ಬೂಟು ಬಿಡುವುದೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ನಾವು ಕೇಳಿಸಿಕೊಂಡಿದ್ದೆವು, ತಲೆಗೆ ಹಾಕಿಕೊಂಡಿರಲಿಲ್ಲ. ಮತ್ತೆ ಐದು ವರ್ಷ ತುಂಬುವವರೆಗೆ ಒಂದು ರಾತ್ರಿಯೂ ತಪ್ಪಿಸಲಿಲ್ಲ. ನೆಂಟರ ಮನೆಗೆ ಹೋಗುವುದಾದರೆ ಬಟ್ಟೆಯ ಚೀಲಕ್ಕಿಂತ ಮೊದಲು ಬೂಟಿನ ಚೀಲ.

ಇನ್ನೊಂದು ವಿಷಯ ಈ ಪ್ರಾಯದ ಮಕ್ಕಳಲ್ಲಿ ಮುಖ್ಯ, ರಿಕೆಟ್ಸ್. ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಕಡಿಮೆಯಾಗಿ ಎಲುಬು ಮೆತ್ತಗಾಗಿ ಕಾಲು ಬಗ್ಗುವುದು. ಕರಾವಳಿಯಲ್ಲಿ ಇಷ್ಟು ಬಿಸಿಲು ಇರುವಾಗ ಇದು ಹೇಗೆ ಎಂದು ಕೇಳಬಹುದು. ಬಿಸಿಲು ಉಂಟು, ನಮ್ಮ ಮಕ್ಕಳು ಬಿಸಿಲಲ್ಲಿ ಇಲ್ಲ. ಫ್ಲಾಟಿನಿಂದ ವ್ಯಾನ್, ವ್ಯಾನಿನಿಂದ ಕ್ಲಾಸ್, ಸಂಜೆ ಮೊಬೈಲ್. ಮಳೆಗಾಲದ ನಾಲ್ಕು ತಿಂಗಳು ಬೇರೆ. ಬಸುರಿ, ಬಾಣಂತಿಯರೂ ಮನೆಯೊಳಗೇ. ತಾಯಿಗೆ ಕಡಿಮೆ ಇದ್ದರೆ ಮಗುವಿಗೂ ಕಡಿಮೆ. ಎದೆಹಾಲಿಗೆ ಸಮ ಬೇರೆ ಇಲ್ಲ, ಆದರೆ ಅದರಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಆದುದರಿಂದಲೇ ಮಕ್ಕಳ ಡಾಕ್ಟರ್‌ಗಳು ಮೊದಲ ವರ್ಷ ದಿನಕ್ಕೆ 400 ಯೂನಿಟಿನ ಹನಿ ಔಷಧ ಬರೆಯುವುದು. ಬಾಟ್ಲಿ ಮುಗಿದ ಮೇಲೆ ಪುನಃ ತರುವ ಮನೆಗಳು ಎಷ್ಟು?

ಮಣಿಕಟ್ಟು ದಪ್ಪ ಕಂಡರೆ, ಹಲ್ಲು ತಡವಾದರೆ, ಕಾಲು ಬಗ್ಗುತ್ತಾ ಹೋದರೆ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಔಷಧದಲ್ಲೇ ಹೆಚ್ಚಿನವರಿಗೆ ಕಾಲು ನೇರ ಆಗುತ್ತದೆ. ನಮ್ಮ ಅಡುಗೆಮನೆಯ ಬೂತಾಯಿ ಮೀನಿನಲ್ಲಿ ವಿಟಮಿನ್ ಡಿ ಉಂಟು, ರಾಗಿಯಲ್ಲಿ ಕ್ಯಾಲ್ಸಿಯಂ ಉಂಟು. ಮಗುವಿಗೆ ಮುಳ್ಳು ತೆಗೆದು ಕೊಡಿ, ರಾಗಿ ಮಣ್ಣಿ ಮಾಡಿ ಕೊಡಿ. ಆದರೆ ಒಂದು ಎಚ್ಚರಿಕೆ. ಮೆಡಿಕಲ್‌ನಲ್ಲಿ 60,000 ಯೂನಿಟಿನ ಪೊಟ್ಟಣ ಸಿಗುತ್ತದೆ. ಪಕ್ಕದ ಮನೆಯವರ ಚೀಟಿ ನೋಡಿ ಅದನ್ನು ತಂದು ದಿನಾ ಕುಡಿಸಿದವರನ್ನು ನಾವು ಕಂಡಿದ್ದೇವೆ. ಅದು ಹೆಚ್ಚಾದರೆ ವಾಂತಿ, ಮಲಬದ್ಧತೆ, ಕಿಡ್ನಿಗೂ ತೊಂದರೆ. ಡಾಕ್ಟರ್ ಹೇಳಿದಷ್ಟೇ, ಹೇಳಿದ ದಿನವೇ.

ಚಪ್ಪಟೆ ಪಾದದ ಬಗ್ಗೆಯೂ ಕೇಳುತ್ತಾರೆ. ಚಿಕ್ಕ ಮಕ್ಕಳ ಪಾದ ಚಪ್ಪಟೆಯೇ. ನಡುವಿನ ಕಮಾನು ಬೆಳೆಯುತ್ತಾ ಮೂಡುತ್ತದೆ. ನೋವಿಲ್ಲದಿದ್ದರೆ, ತುದಿಗಾಲಲ್ಲಿ ನಿಂತಾಗ ಕಮಾನು ಕಂಡರೆ ಸಾವಿರಾರು ರೂಪಾಯಿಯ ಸ್ಪೆಷಲ್ ಶೂ ಬೇಡ. ಇದರ ಬಗ್ಗೆ ನಮ್ಮ ಪಕ್ಕದ ಮಣಿಪಾಲದಲ್ಲಿಯೇ ಒಂದು ಹೆಸರುವಾಸಿ ಅಧ್ಯಯನ ಆಗಿದೆ. ಡಾ. ಯು. ಬಿ. ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದರು. 1992ರಲ್ಲಿ ಪ್ರಕಟ ಆಯಿತು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6 ಮಂದಿಗೆ ಚಪ್ಪಟೆ ಪಾದ, ಹಾಕದವರಲ್ಲಿ ಶೇ. 2.8. ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಮಗು ಮನೆಯಲ್ಲಿ, ಅಂಗಳದಲ್ಲಿ ಬರಿಗಾಲಲ್ಲಿ ಆಡಲಿ. ಗಲ್ಫಿನಿಂದ ತಂದ ಚಂದದ ಶೂ ಮದುವೆಗೆ ಸಾಕು.

ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ನಮ್ಮ ಅಜ್ಜಿಯಂದಿರ ಕ್ರಮ ಸೊಂಟದ ಕೀಲಿಗೆ ಒಳ್ಳೆಯದು. ಕಾಲು ಎರಡನ್ನೂ ಜೋಡಿಸಿ ಎಳೆದು ಬಿಗಿಯಾಗಿ ಸುತ್ತುವುದು ಒಳ್ಳೆಯದಲ್ಲ, ತೊಡೆಯ ಎಲುಬು ಕೀಲಿನಿಂದ ಜಾರಬಹುದು. ವಾಕರ್‌ನಲ್ಲಿ ಕೂರಿಸಿದರೆ ಬೇಗ ನಡೆಯುತ್ತಾರೆ ಎಂಬುದೂ ಸುಳ್ಳು. ಮೆಟ್ಟಿಲಲ್ಲಿ ಉರುಳಿ ಬೀಳುತ್ತಾರೆ ಎಂದು ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ.

ಖರ್ಚಿನ ಹೆದರಿಕೆ ಇರುವವರಿಗೆ ಒಂದು ವಿಷಯ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬ ಸರಕಾರಿ ಯೋಜನೆ ಉಂಟು. ಹುಟ್ಟಿನಿಂದ 18 ವರ್ಷದವರೆಗೆ. ಕ್ಲಬ್ ಫೂಟ್, ಸೊಂಟದ ಕೀಲಿನ ತೊಂದರೆ, ರಿಕೆಟ್ಸ್ ಎಲ್ಲ ಅದರ ಪಟ್ಟಿಯಲ್ಲಿ ಇವೆ, ಚಿಕಿತ್ಸೆ ಉಚಿತ. ಇದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡುತ್ತದೆ. ನಮ್ಮ ಸಮುದಾಯದ ಬಹಳ ಮಕ್ಕಳು ಮೂರು ವರ್ಷಕ್ಕೇ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಆ ತಂಡದ ಕಣ್ಣಿಗೆ ಅವರು ಬೀಳುವುದೇ ಇಲ್ಲ. ಕೇಳಿಕೊಂಡು ಹೋಗಬೇಕು. ಹತ್ತಿರದ ಆಶಾ ಕಾರ್ಯಕರ್ತೆಯಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ಉಸ್ತಾದರುಗಳಿಗೂ ಒಂದು ಮಾತು, ಅದು ನಮ್ಮ ಮೇಲೆಯೇ ಬರುತ್ತದೆ. ನಮ್ಮ ಮಗ ಹುಟ್ಟುವ ಮೊದಲು, ಮದ್ರಸದಲ್ಲಿ ನಮಾಝಿನ ಪ್ರಾಕ್ಟಿಕಲ್ ಮಾಡಿಸುವಾಗ ಒಬ್ಬ ಹುಡುಗ ಬಲದ ಪಾದ ನಿಲ್ಲಿಸಿ ಬೆರಳು ಕಿಬ್ಲಾದ ಕಡೆ ಮಡಚಿ ಕೂರುತ್ತಲೇ ಇರಲಿಲ್ಲ. ಎಷ್ಟು ಸಲ ಹೇಳಿದರೂ ಪಾದ ಬದಿಗೆ ಹಾಕಿ ಕೂರುತ್ತಿದ್ದ. ಎಲ್ಲರ ಎದುರು ಬೆತ್ತದಲ್ಲಿ ಪಾದಕ್ಕೆ ತಟ್ಟಿದ್ದೇವೆ. ಅವನು ಏನೂ ಹೇಳಲಿಲ್ಲ. ನಮ್ಮ ಮಗನ ಪಾದ ಕೈಯಲ್ಲಿ ಹಿಡಿದ ಮೇಲೆ ನಮಗೆ ಆ ಹುಡುಗನ ಗಟ್ಟಿಯಾದ ಪಾದ ನೆನಪಾಯಿತು. ಅವನಿಗೆ ಮಡಚಲು ಆಗುತ್ತಿರಲಿಲ್ಲ. ಆ ಕೂರುವ ಕ್ರಮ ಸುನ್ನತ್, ಆಗದವರು ಆದ ಹಾಗೆ ಕೂತರೆ ನಮಾಝಿಗೆ ಕೊರತೆ ಇಲ್ಲ ಎಂದು ನಾವೇ ಪಾಠ ಹೇಳುವವರು. ಅವನು ಈಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಕೈಹಿಡಿದು ಮಾಫಿ ಕೇಳಿದೆವು. "ಅದೆಲ್ಲ ನೆನಪಿಲ್ಲ ಉಸ್ತಾದ್" ಎಂದ. ನೆನಪಿದೆ ಎಂದು ಅವನ ಮುಖದಲ್ಲಿ ಕಂಡಿತು.

ದುಆ ಮಾಡಿಸಲು, ನೀರು ಓದಿಸಿಕೊಳ್ಳಲು ಮಗುವನ್ನು ಕೊಂಡು ಬರುವವರಿಗೆ ನಾವು ಇಲ್ಲ ಎನ್ನುವುದಿಲ್ಲ. ಈಗ ಜೊತೆಗೆ ಆಸ್ಪತ್ರೆಯ ಚೀಟಿ ಎಲ್ಲಿ ಎಂದೂ ಕೇಳುತ್ತೇವೆ. ಕ್ಲಾಸಿನಲ್ಲಿ ಯಾರಾದರೂ ಒಬ್ಬನನ್ನು "ಕುಂಟ", "ಡೊಂಕ" ಎಂದು ಕರೆದರೆ ಅಂದಿನ ಪಾಠ ಅಲ್ಲಿಗೆ ನಿಲ್ಲಿಸಿ ಅದನ್ನೇ ಮೊದಲು ವಿಚಾರಿಸುತ್ತೇವೆ.

ಜಗಲಿಯಲ್ಲಿ ಮಗು ಇಳಿಸಿದ ಆ ತಾಯಿ ಮರುವಾರ ಡಾಕ್ಟರಲ್ಲಿಗೆ ಹೋಗಿ ಬಂದರು. ಎರಡೂ ಕಾಲು ಸಮ ಉಂಟು, ಎಕ್ಸ್‌ರೇ ಈಗ ಬೇಡ, ಮೊಣಗಂಟಿನ ನಡುವಿನ ಅಂತರ ಅಳೆದು ಬರೆದಿದ್ದಾರೆ, ಆರು ತಿಂಗಳು ಬಿಟ್ಟು ಪುನಃ ಅಳೆಯಬೇಕು ಎಂದರಂತೆ. ಆ ರಾತ್ರಿ ಅವರು ಮಗುವಿಗೆ ಚಡ್ಡಿ ಹಾಕಿ ವೀಡಿಯೊ ಕಾಲ್ ಮಾಡಿದರು. ಮಗುವಿನ ಉಪ್ಪ ನೋಡಿ, "ಚಿಕ್ಕವನಿರುವಾಗ ನನ್ನ ಕಾಲೂ ಹೀಗೇ ಇತ್ತಂತೆ, ಉಮ್ಮನಲ್ಲಿ ಕೇಳು" ಎಂದು ನಕ್ಕರಂತೆ. ಇದನ್ನು ನಮಗೆ ಹೇಳುವಾಗ ಮಗು ಮದ್ರಸದ ಅಂಗಳದಲ್ಲಿ ಯಾರದ್ದೋ ದೊಡ್ಡ ಚಪ್ಪಲಿ ಹಾಕಿ ಓಡುತ್ತಾ ಇತ್ತು.